ಬೀಗತಿಯ ನಿದ್ದೆಗೊಂದು ಮಾಳಿಗೆ

ಜೋಗೇಶ್ವರಿಯ ಗುಡ್ಡದ ಮೇಲೆ ಇಮಾಮಬಿಯ ಖೋಲಿ. ಖೋಲಿಗೆ ತಗಡಿನ ಮಾಡು; ಮುಂಬಯಿಯಲ್ಲಿ ಅದಕ್ಕೆ ಪತ್ರಾ ಎನ್ನುತ್ತಾರೆ. ಬೇಸಗೆಯಲ್ಲಿ ಆ ಪತ್ರಾ ಎಷ್ಟು ಕಾಯುತ್ತಿತ್ತೆಂದರೆ, ಅದರ ಮೇಲಿಳಿದ ಕಾಗೆಗಳು ಕಾಲು ಬದಲಿಸಿ ಬದಲಿಸಿ ಕೊನೆಗೆ ಲಾವಣಿ ಕುಣಿಯುವುದನ್ನೇ ಕಲಿತಿದ್ದವು. ಒಮ್ಮೆ ಮಧ್ಯಾಹ್ನ ಒಂದು ಬೆಕ್ಕು ಆ ಅಂಚಿನಿಂದ ಈ ಅಂಚಿಗೆ ದಾಟಿತು. ಹೊರಟಾಗ ಬಿಳಿಯಿದ್ದದ್ದು ಇಳಿದಾಗ ಕಂದು. ಇಮಾಮಬಿ ರೊಟ್ಟಿ ಬಡಿದು ಮೇಲಕ್ಕೆಸೆದರೆ ಬೆಂದ ರೊಟ್ಟಿಯೇ ಕೆಳಗೆ ಬೀಳುತ್ತಿತ್ತು ಎಂದು ಓಣಿಯವರು ಹೇಳುತ್ತಾರೆ. ಇದನ್ನು ಮಾತ್ರ ನಾನು ನಂಬುವುದಿಲ್ಲ. ಒಂದು ಮಗ್ಗುಲಷ್ಟೇ ಬೇಯುತ್ತಿತ್ತು. ಇನ್ನೊಂದು ಮಗ್ಗುಲಿಗೆ ಮತ್ತೊಮ್ಮೆ ಎಸೆಯಬೇಕಾಗುತ್ತಿತ್ತು.

ಇಂಥ ಮಾಡಿನ ಕೆಳಗೆ ವಾಸವಿದ್ದವನು ಯಾರು ಅಂದಿರಿ? ಗೌಂಡಿ ಶರೀಫ. ಅಂಧೇರಿಯಿಂದ ಬೊರಿವಲಿಯ ತನಕ ಅವನ ಕೈಯಲ್ಲಿ ಎದ್ದ ಬಿಲ್ಡಿಂಗುಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಚಂದ್ರನ ಮೇಲೆ ಬಟ್ಟೆ ಒಣಹಾಕಿ ಬರಬಹುದು. ಅವನು ಸ್ಲ್ಯಾಬ್ ಎಳೆದರೆ ಅದರ ಮೇಲೆ ಕೇರಮ್ ಆಡಬಹುದಿತ್ತು, ಅಷ್ಟು ಸಪಾಟು. ಊರಿಗೆಲ್ಲ ಸ್ಲ್ಯಾಬ್, ಅವನ ತಲೆಗೆ ತಗಡು. ಇಮಾಮಬಿ ಅವನ ಹೆಂಡತಿ, ಅವನ ಜೊತೆಯಲ್ಲೇ ಕಲ್ಲು-ಮರಳಿನ ಕಬ್ಬಿಣದ ಬುಟ್ಟಿ, ಘಮೇಲಾ, ಹೊತ್ತವಳು. ಹುಟ್ಟಿದ್ದು ವಿಜಾಪುರದ ಆಚೆ, ಇಂಡಿ ತಾಲೂಕಿನ ಕಡೆ. ಸಣ್ಣ ಆಳು, ಒಣಮೆಣಸಿನಕಾಯಿಯಂಥ ಮೈ. ಆದರೆ ಅವಳು ಮನಸ್ಸು ಮಾಡಿದಳೆಂದರೆ ಹೊರಟುಹೋದ ಫಾಸ್ಟ್ ಲೋಕಲ್ಲೂ ಹಿಂದಕ್ಕೆ ಬಂದು ಹತ್ತಿಸಿಕೊಂಡು ಹೋಗುತ್ತದೆ.

ಅವಳು ಮನಸ್ಸು ಮಾಡಿದ್ದು ಮಗಳು ಯಾಸ್ಮೀನಳ ಕುಬುಸದ ದಿನ.

ಚೊಚ್ಚಲ ಬಸುರಿಗೆ ಏಳನೇ ತಿಂಗಳಲ್ಲಿ ತವರಿನವರು ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಸಿಹಿ ಉಣ್ಣಿಸುವುದು ಕುಬುಸ. ಇಂಡಿಯ ಕಡೆ ಹಿಂದೂ ಮುಸಲ್ಮಾನ ಎನ್ನದೆ ಎಲ್ಲರ ಮನೆಯಲ್ಲೂ ಇದು ನಡೆಯುತ್ತದೆ. ಕುಬುಸ ಮುಗಿದ ಮೇಲೆ ಹುಡುಗಿ ತವರಿನಲ್ಲೇ ಉಳಿಯಬೇಕು, ಮೊದಲ ಬಾಣಂತನ ತಾಯಿಯ ಕೈಯಲ್ಲೇ ಆಗಬೇಕು. ಇದರಲ್ಲಿ ಚೌಕಾಶಿ ಇಲ್ಲ. ಆದರೆ ಯಾಸ್ಮೀನಳನ್ನು ಕೊಟ್ಟದ್ದು ಸಯನ್‌ಗೆ. ಅಳಿಯ ಮುಶರಫ ಎಸಿ ರಿಪೇರಿ ಮಾಡುವವನು; ಅವನ ತಾಯಿ, ಅಂದರೆ ಇಮಾಮಬಿಯ ಬೀಗತಿ, ಎಸಿಯ ಕೆಳಗೆ ಮಲಗಿ ಮಲಗಿ ಬೆಣ್ಣೆಯ ಹಾಗೆ ಆದವಳು. ಬಿಸಿಲು ಕಂಡರೆ ಕರಗುತ್ತಾಳೆ.

ಆಕೆ ಆವತ್ತು ಪತ್ರಾದ ಕೆಳಗೆ ಕುಳಿತು ಬೀಸಣಿಗೆ ಬೀಸಿದ ಹೊಡೆತಕ್ಕೆ ಗೋಡೆಯ ಕ್ಯಾಲೆಂಡರು ಎರಡು ತಿಂಗಳು ಮುಂದಕ್ಕೆ ಹೋಯಿತು.

"ಇದನ್ನ ಮನಿ ಅನ್ನಬೇಕೋ ತಂದೂರ ಅನ್ನಬೇಕೋ ಸಮಧನ್?" ಎಂದಳು ಬೀಗತಿ; ಬೀಗತಿಯರು ಒಬ್ಬರನ್ನೊಬ್ಬರು ಕರೆಯುವುದು ಹಾಗೆ. "ಹೋಳಿನೂ ಆಗಿಲ್ಲ ಇನ್ನ, ಆಗ್ಲೇ ಹಿಂಗ. ಮೇ ತಿಂಗಳದಾಗ ಹೆಂಗ? ಹಸಿ ಬಾಣಂತಿ, ಹಸಿ ಕೂಸು. ನಾ ಕಳಸೂದಿಲ್ಲ. ಬಾಣಂತನ ಸಯನ್ನಾಗ ಆಗ್ತೈತಿ."

"ಚೊಚ್ಚಲ ಬಾಣಂತನ ತವರಮನ್ಯಾಗ," ಎಂದಳು ಇಮಾಮಬಿ. "ನಿಮ್ಮಮ್ಮ ನಿಮಗ ಮಾಡಿಲ್ಲೇನು?"

"ಮಾಡ್ಯಾಳ. ಮಾಳಿಗಿ ಮನ್ಯಾಗ ಮಾಡ್ಯಾಳ. ಪತ್ರಾದ ಬುಡಕ ಅಲ್ಲ."

ಯಾಸ್ಮೀನ ಬಳೆಗಳನ್ನು ತಿರುವುತ್ತ ಮೆಲ್ಲಗೆ ಹೇಳಿದಳು: "ಅತ್ತೀ, ಅಲ್ಲಿ ಎಸಿ ಐತಿ, ಖರೆ. ಲೇಕಿನ್ ನನಗ ಅಮ್ಮಾನ ಬಾಜೂಕ ಮಲಗಬೇಕು ಅನಸ್ತದ."

ಬೀಗತಿ ಕೆಟ್ಟವಳಲ್ಲ. ಸೊಸೆಯ ಮುಖ ನೋಡಿ ಸ್ವಲ್ಪ ಮೆತ್ತಗಾದಳು. ಆದರೆ ಬೀಗತಿಯಾದವಳು ಪೂರ್ತಿ ಮೆತ್ತಗಾದರೆ ಲೋಕ ನಡೆಯುತ್ತದೆಯೆ? "ಆಯ್ತು," ಎಂದಳು. "ಮೇ ತಿಂಗಳದಾಗ, ನಡುಮಧ್ಯಾಹ್ನ, ಈ ಮನ್ಯಾಗ ನಾ ಅಡ್ಡಾಗ್ತೀನಿ. ನನಗ ನಿದ್ದಿ ಹತ್ತಿತಂದ್ರ ಕೂಸಿಗೂ ಹತ್ತತೈತಿ. ಆವಾಗ ನಾನ ಕೈ ಹಿಡಿದು ಕರ್ಕೊಂಡು ಬರ್ತೀನಿ. ಹತ್ತಲಿಲ್ಲ, ಮಾತ ಮುಗೀತು."

"ಹತ್ತತೈತಿ," ಎಂದಳು ಇಮಾಮಬಿ. ಹೇಗೆ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಬೀಗತಿ ಯಾಸ್ಮೀನಳನ್ನು ಕರೆದುಕೊಂಡು ಇಳಿದು ಹೋದಳು. ಉಡಿ ತುಂಬಿಸಿಕೊಂಡ ಮಗಳು ತವರಿನಿಂದ ವಾಪಸು ಹೋದದ್ದನ್ನು ಓಣಿಯೆಲ್ಲ ನೋಡಿತು.

ಇಮಾಮಬಿಯ ಕಿವಿಯಲ್ಲಿ ಮಾಳಿಗೆ ಎಂಬ ಮಾತು ಉಳಿದಿತ್ತು. ಇಂಡಿಯ ಕಡೆಯ ಮನೆಗಳ ನೆತ್ತಿಯ ಮೇಲೆ ಮೊಳ ದಪ್ಪ ಮಣ್ಣು ಹೇರಿರುತ್ತಾರೆ; ಹೊರಗೆ ಹದ್ದು ಹುರಿದು ಬಿದ್ದರೂ ಒಳಗೆ ಕುಳಿತವರು ಕೌದಿ ಹುಡುಕಬೇಕು, ಅಷ್ಟು ತಂಪು. ಅವಳು ಮರುದಿನವೇ ಗುಡ್ಡದ ಮಣ್ಣು ಅಗೆದಳು, ಎಮ್ಮೆಗಳ ತಬೇಲಾದಿಂದ ಸಗಣಿ ಹುಲ್ಲು ತಂದಳು, ಕಾಲಿನಲ್ಲಿ ತುಳಿದು ಹದ ಮಾಡಿ ಪತ್ರಾದ ಮೇಲೆ ಗೇಣು ದಪ್ಪ ಮೆತ್ತತೊಡಗಿದಳು.

ಶರೀಫ ಕೆಲಸದಿಂದ ಬಂದು ನೋಡಿ ಹಣೆ ಹಿಡಿದುಕೊಂಡ. "ಏ ಯಾಸ್ಮೀನನ ಅಮ್ಮಾ, ಅದು ತಗಡು, ತೊಲಿ ಅಲ್ಲ. ನಮ್ಮೂರಾಗ ಮಳಿ ಬರ್ತೈತಿ, ಸಾಲಿ ಹುಡುಗರಂಗ ಹಾಜರಿ ಹೇಳಿ ಓಡಿ ಹೋಗ್ತೈತಿ. ಮುಂಬಯಿ ಮಳಿ ಬಂದ್ರ ಪಾಲು ಕೇಳ್ತೈತಿ, ಪಾಲು!"

"ಮಳಿ ಜೂನ್‌ಕ್ಕ. ಬೀಗತಿ ಮೇಕ್ಕ. ಮೊದಲ ಬಂದವರನ್ನ ಮೊದಲ ನೋಡೂಣು."

ಮಣ್ಣು ಒಣಗಿದ ಮೇಲೆ ಖೋಲಿ ನಿಜಕ್ಕೂ ತಂಪಾಯಿತು. ಕಾಗೆಗಳು ಕುಣಿತ ಮರೆತವು. ಇಮಾಮಬಿ ಗೆದ್ದೇಬಿಟ್ಟೆ ಅಂದುಕೊಂಡಳು. ಗೆದ್ದವರನ್ನು ಕಂಡರೆ ಮುಂಬಯಿಯ ಮೋಡಕ್ಕೆ ಆಗುವುದಿಲ್ಲ. ಮಾರ್ಚಿ ಮುಗಿಯುವ ಮೊದಲೇ ಒಂದು ಸಂಜೆ, ಕರೆಯದೆ ಹೇಳದೆ, ಅಕಾಲದ ಮಳೆ ಬಂತು. ಅದೇನು ದೊಡ್ಡ ಮಳೆಯಲ್ಲ. ಆದರೆ ನೆನೆದ ಮಣ್ಣಿನ ಭಾರಕ್ಕೆ ಪತ್ರಾ ನಡು ಬಗ್ಗಿತು. ಮಾಳಿಗೆಗೆ ಮಾಳಿಗೆಯೇ ಎದ್ದು, ಸೊಂಟ ತಿರುಗಿಸಿ, ಪಕ್ಕದ ಕಸ್ತೂರಿಬಾಯಿಯ ಅಂಗಳಕ್ಕೆ ಇಳಿಯಿತು.

ಕಸ್ತೂರಿಬಾಯಿ ಸೋಲಾಪುರದ ಕಡೆಯವಳು. ಜಗಳಕ್ಕೆ ಮರಾಠಿ, ಗುಟ್ಟಿಗೆ ಕನ್ನಡ. ಬೇಸಗೆಯಲ್ಲಿ ಉದ್ದಿನ ಹಪ್ಪಳ ಮಾಡಿ ವರ್ಷವಿಡೀ ಬದುಕುವವಳು. ಅವಳ ಹಪ್ಪಳದ ಮಂಚಗಳೆಲ್ಲ ಇಂಡಿಯ ಮಾಳಿಗೆಯ ಕೆಳಗೆ ಸಮಾಧಿಯಾದವು. "ಅಗಂ ಬಾಯೀ, ಮಾಝೇ ಪಾಪಡ!" ಎಂದು ಅವಳು ಕೂಗಿದ್ದಕ್ಕೆ ಜೋಗೇಶ್ವರಿ ಸ್ಟೇಶನ್ನಿನಲ್ಲಿ ನಿಂತಿದ್ದ ಗಾಡಿ ಸಿಗ್ನಲ್ ಸಿಕ್ಕಿತೆಂದು ಹೊರಟುಬಿಟ್ಟಿತು.

ಇಮಾಮಬಿ ಮಣ್ಣು ಬಾಚಿದಳು, ಅಂಗಳ ಸಾರಿಸಿದಳು, ಆಮೇಲೆ ಕಸ್ತೂರಿಬಾಯಿಯ ಎದುರು ಲಟ್ಟಣಿಗೆ ಹಿಡಿದು ಕುಳಿತು, ಹೋದ ಹಪ್ಪಳವೆಲ್ಲ ತಿರುಗಿ ಆಗುವ ತನಕ ದಿನಾ ಲಟ್ಟಿಸಿದಳು. ಲಟ್ಟಿಸುತ್ತ ಲಟ್ಟಿಸುತ್ತ ಕಸ್ತೂರಿಬಾಯಿಯ ಮರಾಠಿ ಕಡಿಮೆಯಾಗಿ ಕನ್ನಡ ಹೆಚ್ಚಾಯಿತು.

"ನಿನ್ನ ಮಗಳ ಸಂಕಟ ನನಗ ತಿಳೀತದ ಇಮಾಮ," ಎಂದಳು ಕೊನೆಗೆ. "ಖರೆ ಇನ್ನೊಮ್ಮೆ ನಿನ್ನ ಮಾಡಿನಿಂದ ಒಂದು ಹನಿ ನೀರು ನನ್ನ ಅಂಗಳಕ್ಕ ಬಿದ್ದಿತಂದ್ರ, ನೋಡು!"

"ಒಂದು ಹನಿನೂ ಬೀಳೂದಿಲ್ಲ ಅಕ್ಕಾ. ಕೂಸಿನ ಆಣಿ."

ಬಗ್ಗಿದ ಪತ್ರಾ ಗುಜರಿ ಕೊಳ್ಳುವ ಭಂಗಾರಿಯವನ ಪಾಲಾಯಿತು. ಈಗ ಖೋಲಿಯ ಮೇಲೆ ಪ್ಲಾಸ್ಟಿಕ್ಕಿನ ನೀಲಿ ತಾಡಪತ್ರಿ. "ಸಯನ್ನಾಗ ಆಗಲಿ ಬಿಡು, ಅಲ್ಲೇನ ಕಡಿಮಿ ಮಾಡ್ತಾರ?" ಎಂದ ಶರೀಫ. ಇಮಾಮಬಿ ಅವನನ್ನು ನೋಡಿದ ನೋಟಕ್ಕೆ ಅವನ ಬೀಡಿ ತಾನಾಗಿಯೇ ಹೊತ್ತಿಕೊಂಡಿತು.

ಆ ದಿನಗಳಲ್ಲಿ ಶರೀಫನಿಗೆ ಮಾಟುಂಗದಲ್ಲಿ ಕೆಲಸ. ಒಂದು ಹಳೆಯ ಚಾಳು ಕೆಡವಿ ಟವರ್ ಎಬ್ಬಿಸುವವರಿದ್ದರು. ಬಾಡಿಗೆದಾರರು ಖಾಲಿ ಮಾಡಿದ್ದರು, ಅರ್ಧ ಮಾಡು ಇಳಿಸಿಯಾಗಿತ್ತು. ಇಮಾಮಬಿಯೂ ಘಮೇಲಾ ಹೊರಲು ಹೋಗಿದ್ದಳು. ಊಟದ ಹೊತ್ತಿಗೆ ನೆರಳು ಹುಡುಕಿ, ಇನ್ನೂ ಕೆಡವದೆ ಉಳಿದಿದ್ದ ಮೂಲೆಯ ಖೋಲಿಯೊಳಗೆ ಕಾಲಿಟ್ಟವಳು ಹಾಗೇ ನಿಂತಳು. ಫ್ಯಾನಿಲ್ಲ. ಕರೆಂಟು ಕಿತ್ತು ಎಷ್ಟೋ ದಿನವಾಗಿದೆ. ಹೊರಗೆ ಡಾಂಬರು ಪಾಯಸವಾಗುತ್ತಿದೆ. ಒಳಗೆ ಮಾತ್ರ ಮಣ್ಣಿನ ಹರವಿಯೊಳಗೆ ಕೈ ಇಟ್ಟ ಹಾಗೆ ತಂಪು. ತಲೆಯೆತ್ತಿದಳು. ಮಂಗಳೂರು ಹೆಂಚು, ಎರಡು ಪದರ. ಒಂದೊಂದರ ಹೊಟ್ಟೆಯಲ್ಲೂ ಕಾರ್ಖಾನೆಯವರು ಒತ್ತಿದ ಒಂದೊಂದು ಪುಟ್ಟ ಆನೆ.

ಹೊರಗೆ ಇಳಿಸಿದ ಹೆಂಚಿನ ರಾಶಿಯ ಮೇಲೆ ಒಬ್ಬ ಮುದುಕ ಕುಳಿತಿದ್ದ. ಅಂಗಾರ ಅವನ ಹೆಸರು, ಮೂಲ್ಕಿಯ ಕಡೆಯವನು. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುವುದರಿಂದ ಶುರುಮಾಡಿ ಚಹಾದ ಕೌಂಟರಿನ ತನಕ ಏರಿದವನು. ಅವನು ಕೌಂಟರಿನಲ್ಲಿದ್ದಾಗ ಎರಡು ಪಾತ್ರೆಗಳ ನಡುವೆ ಚಹಾ ಎತ್ತಿ ಹೊಯ್ದರೆ, ಕೆಳಗಿನ ಪಾತ್ರೆಗೆ ಚಹಾ ಮುಟ್ಟುವ ಮೊದಲು ಗಿರಾಕಿ ದೋಸೆ ತಿಂದು ಮುಗಿಸುತ್ತಿದ್ದನಂತೆ. ಮೂಲೆಯ ಖೋಲಿ ಅವನದಾಗಿತ್ತು.

"ಏಳ್ರಿ ಕಾಕಾ, ಟ್ರಕ್ ಬರ್ತೈತಿ, ಹಂಚು ಪುಡಿ ಮಾಡಿ ತಗ್ಗಿಗೆ ತುಂಬಸ್ತಾರಂತ," ಎಂದಳು ಇಮಾಮಬಿ.

"ಏಳುದಿಲ್ಲ ಮಾರಾಯ್ತಿ," ಎಂದ ಅಂಗಾರ. "ನಮ್ಮ ತಂದೆ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಮೆಟ್ಟಿದವ್ರು. ಹುಟ್ಟಿದಾಗಿಂದ ಈ ಆನೆ ನೋಡ್ತಾ ನಿದ್ದೆ ಮಾಡಿದವ ನಾನು. ಊರಲ್ಲೂ ಇದೇ ಆನೆ, ಇಲ್ಲೂ ಇದೇ ಆನೆ. ಒಂದು ಬಿರುಕು ತೋರ್ಸಿ, ಎದ್ದು ಹೋಗ್ತೇನೆ. ಪುಡಿ ಮಾಡ್ಲಿಕ್ಕೆ ಅದಕ್ಕೆಂಥ ರೋಗ ಬಂದದ್ದು?"

"ನನಗ ಕೊಡ್ರಿ."

"ನಿಮಗೆ ಎಂಥಕ್ಕೆ?"

ಇಮಾಮಬಿ ಹೇಳಿದಳು: ಮಗಳು, ಬೀಗತಿ, ನಿದ್ದೆ. ಅಂಗಾರ ರಾಶಿಯ ಮೇಲೆ ಸ್ವಲ್ಪ ಸರಿದು ಕುಳಿತುಕೊಳ್ಳಲು ಅವಳಿಗೂ ಜಾಗ ಮಾಡಿದ. ಟ್ರಕ್ಕಿನವನು ಬಂದಾಗ ಎದುರಿಗಿದ್ದದ್ದು ಇಬ್ಬರು. ಸಂಜೆಗೆ ಕಂಟ್ರಾಟುದಾರನೇ ಸೋತು, ತೆಗೆದುಕೊಂಡು ಹೋಗಿ ಎಂದ.

ಆದರೆ ಹೆಂಚು ಹೊದಿಸುವುದು ಹೇಗೆ? ಹೆಂಚಿಗೆ ಇಳಿಜಾರು ಬೇಕು. ಇಳಿಜಾರಿನ ನೀರು ಕಸ್ತೂರಿಬಾಯಿಯ ಅಂಗಳಕ್ಕೇ ಬೀಳಬೇಕು, ಓಣಿ ಅಷ್ಟು ಇಕ್ಕಟ್ಟು. ಕೂಸಿನ ಮೇಲೆ ಆಣೆ ಇಟ್ಟಾಗಿದೆ. ಇಮಾಮಬಿ ತಲೆ ಕೆರೆದುಕೊಂಡಳು. ಶರೀಫ ಇಬ್ಬರ ಪಾಲಿನದೂ ಕೆರೆದುಕೊಂಡ. ಆಗ ಅಂಗಾರ ತನ್ನ ಮೊಮ್ಮಗಳು ವಿಜೇತಾಳನ್ನು ಗುಡ್ಡ ಹತ್ತಿಸಿದ. ಅವಳು ಮನೆ ಕಟ್ಟುವ ವಿದ್ಯೆ ಓದುತ್ತಿದ್ದವಳು. ಕನ್ನಡ ಅವಳ ಬಾಯಲ್ಲಿ ವಿರಾರ್ ಲೋಕಲ್ಲಿನ ಪ್ರಯಾಣಿಕನ ಹಾಗೆ ತಳ್ಳಾಡಿಕೊಂಡು ಇಳಿಯುತ್ತಿತ್ತು.

"ಆಂಟಿ, ಸ್ಲ್ಯಾಬ್ ಹಾಕಿ. ಮತ್ಲಬ್, ಹೆಂಚು ಸ್ಲ್ಯಾಬ್ ಒಳಗೇ ಹಾಕಿ," ಎಂದಳು. "ಸ್ಲ್ಯಾಬ್‌ದ ಕೆಳಗಿನ ಭಾಗದಲ್ಲಿ ಸರಳು ಕೆಲಸ ಮಾಡ್ತದೆ. ಅದರ ಆಜುಬಾಜು ಕಾಂಕ್ರೀಟ್ ಇದೆಯಲ್ಲ, ಅದು ಬರೀ ಕೂತಿರ್ತದೆ. ಕಾಮ್ ಕುಛ್ ನಹೀಂ, ವೇಟ್ ಮಾತ್ರ."

"ನಮ್ಮ ವಾರ್ಡ್ ಆಫೀಸಿನಂಗ," ಎಂದಳು ಇಮಾಮಬಿ.

"ಹಾಂ! ಅದನ್ನ ತೆಗೆದು ಅಲ್ಲಿ ಹೆಂಚು ಇಡೋದು. ಎರಡೆರಡು, ಒಂದರ ಮೇಲೊಂದು. ನಡುವೆ ಗಾಳಿ ನಿಲ್ತದೆ. ಸಿಮೆಂಟ್ ಕಮ್ಮಿ, ವೇಟ್ ಕಮ್ಮಿ, ಗರ್ಮಿ ಕಮ್ಮಿ. ಮೇಲೆ ಸಪಾಟು, ಒಂದು ಪೈಪಿನಲ್ಲಿ ನೀರು ನಿಮ್ಮ ಡ್ರಮ್ಮಿಗೇ."

ಶರೀಫ ನಕ್ಕ. "ಬೇಟಿ, ಸ್ಲ್ಯಾಬಿನ್ಯಾಗ ಹಂಚು ಅಂದ್ರ ಬಿರ್ಯಾನ್ಯಾಗ ಹರಳು ಹಾಕಿದಂಗ. ನನ್ನ ಜಲ್ಮದಾಗ ನೋಡಿಲ್ಲ."

ವಿಜೇತಾ ನಕಾಶೆ ಬರೆದು, ತನ್ನ ಮಾಸ್ತರರಿಗೆ ತೋರಿಸಿ, ಗೋಡೆಗಳು ಆ ಭಾರ ತಡೆಯುತ್ತವೆಯೆ ಎಂದು ಅವರನ್ನೇ ಕರೆತಂದು ನೋಡಿಸಿ, ತಿದ್ದಿಸಿಕೊಂಡಳು. ಶರೀಫ ಗೌಂಡಿ, ಕಾಗದ ಗೌರವಿಸುತ್ತಾನೆ, ನಂಬುವುದು ಕಾಲಿನ ಕೆಳಗಿನದನ್ನು. ಓಣಿಯ ಬದಿಯಲ್ಲಿ ಮಂಚದಷ್ಟು ಅಗಲದ ಒಂದು ಸಣ್ಣ ಸ್ಲ್ಯಾಬನ್ನು ನಕಾಶೆಯಂತೆಯೇ ಮಾಡಿ, ಗಟ್ಟಿಯಾದ ಮೇಲೆ ಎರಡು ಇಟ್ಟಿಗೆ ಗುಡ್ಡೆಗಳ ಮೇಲೆ ಇಟ್ಟ. ತಾನು ಹತ್ತಿದ, ಗೆಳೆಯ ಪರಪ್ಪನನ್ನು ಹತ್ತಿಸಿದ. ಸ್ಲ್ಯಾಬ್ ಉಸಿರೆತ್ತಲಿಲ್ಲ. ಕೊನೆಗೆ ಕಸ್ತೂರಿಬಾಯಿಯನ್ನು ಹತ್ತಿಸಿದರು. ಕಸ್ತೂರಿಬಾಯಿ ಆಟೋದಲ್ಲಿ ಕುಳಿತರೆ ಮೀಟರು ಎರಡು ಸೀಟು ತೋರಿಸುತ್ತದೆ. ಅವಳು ಮೇಲೆ ನಿಂತ ಹೊತ್ತಿಗೆ ಸರಿಯಾಗಿ ಯಾರದೋ ಮೇಕೆ ಅವಳ ಹಪ್ಪಳಕ್ಕೆ ಬಾಯಿ ಹಾಕಿತು. ನಿಂತಲ್ಲೇ ಕುಣಿದು ಕುಣಿದು ಅದರ ವಂಶವನ್ನೆಲ್ಲ ಬೈದಳು. ಮೇಕೆಗೆ ಬಿರುಕು ಬಿಟ್ಟಿತೇನೋ, ಸ್ಲ್ಯಾಬಿಗೆ ಬಿಡಲಿಲ್ಲ.

"ಆಯ್ತು," ಎಂದ ಶರೀಫ. "ಹಾಕೂಣು."

ಇಳಿದ ಕಸ್ತೂರಿಬಾಯಿ ತನ್ನ ಕರಾರು ಹೇಳಿದಳು: "ಮ್ಯಾಲ ಸಪಾಟ ಆಗ್ತದಂತಲ್ಲ. ನನ್ನ ಹಪ್ಪಳ ಅಲ್ಲೇ ಒಣಗ್ತಾವ. ಕಬೂಲ್?"

"ಕಬೂಲ್ ಅಕ್ಕಾ."

ಹೆಂಚು ಮಾಟುಂಗದಿಂದ ಜೋಗೇಶ್ವರಿಗೆ ಬಂದದ್ದು ಲೋಕಲ್ಲಿನ ಲಗೇಜ್ ಡಬ್ಬದಲ್ಲಿ. ಅಂಗಾರ ಹೊರುವಷ್ಟನ್ನು ಗೋಣಿಯಲ್ಲಿ ಕಟ್ಟಿ, ಮಾಟುಂಗ ರೋಡಿನಲ್ಲಿ ಹತ್ತಿ, ಮೀನಿನ ಬುಟ್ಟಿ, ಸೊಪ್ಪಿನ ಮೂಟೆಗಳ ನಡುವೆ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದ. ಮೊದಮೊದಲು ಬೈದ ಮೀನು ಮಾರುವ ಬಾಯಿಯರು ಕತೆ ಕೇಳಿದ ಮೇಲೆ ತಾವೂ ತೊಡೆಗೊಂದೊಂದು ಇಟ್ಟುಕೊಳ್ಳತೊಡಗಿದರು. ಹೆಂಚಿಗೆ ಮೀನಿನ ವಾಸನೆ ಹತ್ತಿ, ಓಣಿಯ ಬೆಕ್ಕುಗಳೆಲ್ಲ ಇಮಾಮಬಿಯ ಬಾಗಿಲಲ್ಲಿ ಸಭೆ ಸೇರಿದವು. ಕಂದು ಬಣ್ಣದ್ದೂ ಬಂದಿತ್ತು.

ಹೀಗೆ, ಸರಳು ಸಿಮೆಂಟು ಮಾತ್ರ ಹೊಸದು. ಉಳಿದದ್ದೆಲ್ಲ ಈ ಊರು ಎಸೆದದ್ದು.

ಸ್ಲ್ಯಾಬಿನ ಹಿಂದಿನ ದಿನ ಸ್ಲ್ಯಾಬ್ ಗಟ್ಟಿಯಾಗುವ ತನಕ ಹೊರುವ ಸೆಂಟ್ರಿಂಗಿನ ಹಲಗೆಗಳ ಮೇಲೆ ಹೆಂಚು ಜೋಡಿಸುವಾಗ ಒಂದು ತಕರಾರು ಬಂತು. ಕೆಳಗಿನಿಂದ ಸಿಮೆಂಟು ಬಳಿದು ಗಿಲಾವು ಮಾಡಿ ನುಣ್ಣಗೆ ಮುಗಿಸುವುದು ಶರೀಫನ ಲೆಕ್ಕ. ಗಿಲಾವಿಲ್ಲದ ಸ್ಲ್ಯಾಬ್ ಗೌಂಡಿಗೆ ಲುಂಗಿಯಿಲ್ಲದೆ ಪೇಟೆಗೆ ಹೋದ ಹಾಗೆ.

"ಗಿಲಾವು ಮಾಡಿದ್ರೆ ಆನೆ ಮುಚ್ಚಿಹೋಗ್ತದೆ," ಎಂದ ಅಂಗಾರ. "ನಾನು ಹೆಂಚು ಕೊಟ್ಟದ್ದು ಹುಗಿಲಿಕ್ಕಲ್ಲ."

"ಕಾಕಾ, ನಾಕು ಮಂದಿ ಗೌಂಡಿ ಬಂದ್ರ ನನ್ನ ಮರ್ಯಾದಿ?"

"ಮೇಲೆ ಮರ್ಯಾದೆ ನೋಡುವವ ಗೌಂಡಿ ಮಾತ್ರ. ಮಲಗಿದವ ಆನೆ ನೋಡ್ತಾನೆ."

ಇಬ್ಬರೂ ಇಮಾಮಬಿಯ ಕಡೆ ತಿರುಗಿದರು. ಅವಳು ಹಲಗೆಯ ಕೆಳಗೆ, ನಾಳೆ ಕೂಸು ಮಲಗಬೇಕಾದ ಜಾಗದಲ್ಲಿ, ಅಂಗಾತ ಮಲಗಿ ಮೇಲೆ ನೋಡಿದಳು. ಸಂದಿಯಲ್ಲಿ ಒಂದು ಆನೆ ಕಂಡಿತು. "ಗಿಲಾವು ಬ್ಯಾಡ," ಎಂದಳು. "ಸಿಮೆಂಟೂ ಉಳೀತೈತಿ. ನಿಮ್ಮ ಗೌಂಡಿಗಳು ಬಂದ್ರ ನಿಂತು ನೋಡಬ್ಯಾಡ್ರಿ ಅನ್ರಿ, ಮಲಕ್ಕೊಂಡು ನೋಡ್ರಿ ಅನ್ರಿ."

ಸ್ಲ್ಯಾಬಿನ ದಿನ ಗುಡ್ಡಕ್ಕೆ ಗುಡ್ಡವೇ ಇಳಿಯಿತು. ಗಾಡಿ ಹತ್ತುವ ದಾರಿಯಲ್ಲ. ಕೆಳಗಿನ ರಸ್ತೆಯಿಂದ ಮೆಟ್ಟಿಲುದ್ದಕ್ಕೂ ಜನ ಸಾಲುಗಟ್ಟಿ ಕಾಂಕ್ರೀಟಿನ ಘಮೇಲಾಗಳನ್ನು ಕೈಯಿಂದ ಕೈಗೆ ದಾಟಿಸಿದರು. ಸಾಲು ಎಷ್ಟು ಬಿರುಸಾಗಿ ನಡೆಯಿತೆಂದರೆ, ದಾರಿ ಕೇಳಲು ಬಂದ ಒಬ್ಬ ಕೊರಿಯರಿನವನನ್ನೂ ಎತ್ತಿ ಮೇಲಕ್ಕೆ ದಾಟಿಸಿದ್ದರು. ಪರಪ್ಪ ನೋಡಿ ಕೆಳಗಿಳಿಸದಿದ್ದರೆ ಅವನು ಇವತ್ತಿಗೂ ಸ್ಲ್ಯಾಬಿನೊಳಗಿರುತ್ತಿದ್ದ. ಇಮಾಮಬಿ ದೊಡ್ಡ ಬೋಗುಣಿಯಲ್ಲಿ ಗೋಧಿ ಹುಗ್ಗಿ ಮಾಡಿದ್ದಳು. ಊರಲ್ಲಿ ಮಾಳಿಗೆ ಹೊದಿಸಿದ ದಿನ ಹುಗ್ಗಿ ಉಣ್ಣಿಸದಿದ್ದರೆ ಮಾಳಿಗೆ ಸಿಟ್ಟಾಗುತ್ತದೆ.

ಎಲ್ಲ ಮುಗಿದು ಮೇಲ್ಮೈ ಎಳೆಯುವಾಗ ಶರೀಫ ಎಳೆದ ಜಾಗವನ್ನೇ ಮತ್ತೆ ಮತ್ತೆ ಎಳೆಯುವುದನ್ನು ಇಮಾಮಬಿ ನೋಡಿದಳು. ಅಷ್ಟು ಬಿಲ್ಡಿಂಗು ಕಟ್ಟಿದ ಕೈ. ಅವಳು ಕರಣೆಗೆ ನೀರು ಹಾಕಿಕೊಟ್ಟಳು.

ಆಮೇಲೆ ಕಷ್ಟ ಶುರುವಾಯಿತು. ಸ್ಲ್ಯಾಬ್ ಗಟ್ಟಿಯಾಗಲು ದಿನಾ ನೀರು ಕುಡಿಯಬೇಕು. ಮೇಲೆ ಮಣ್ಣಿನ ಕಟ್ಟೆ ಕಟ್ಟಿ ಕೆರೆಯಂತೆ ನೀರು ನಿಲ್ಲಿಸಬೇಕು. ಗುಡ್ಡದ ನಲ್ಲಿಯೋ, ಬೆಳಗ್ಗೆ ಕೆಮ್ಮಿ ಕೆಮ್ಮಿ ಒಂದಿಷ್ಟು ಉಗುಳಿ ಮಲಗುವ ನಲ್ಲಿ. ಅದೇ ವಾರ ಸಯನ್ನಿನಿಂದ ಫೋನು: ಕೂಸು ಮೇ ಕೊನೆಯ ತನಕ ಕಾಯುವ ಹಾಗೆ ಕಾಣುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಇಮಾಮಬಿ ಖೋಲಿಗೆ ಬಂದವಳೇ ಸೆಂಟ್ರಿಂಗಿಗೆ ಆಸರೆ ಕೊಟ್ಟ ಬಿದಿರಿನ ಬಂಬುಗಳಿಗೆ ಕೈ ಹಾಕಿದಳು.

"ತಗೀರಿ ಇವನ್ನ. ಬೀಗತಿ ಬಂದು ಬಂಬಿನ ಅಡವ್ಯಾಗ ಮಲಗ್ತಾಳೇನು?"

ಶರೀಫ ಅಡ್ಡ ನಿಂತ. ಹೆಂಡತಿಗೆ ಎಂದೂ ಅಡ್ಡ ನಿಲ್ಲದವನು ಆವತ್ತು ನಿಂತ. "ಮುಟ್ಟಬ್ಯಾಡ. ಅದಕ್ಕೂ ಬಾಣಂತನ ಐತಿ. ಅಲುಗಾಡಸಬಾರದು, ಹೊತ್ತಹೊತ್ತಿಗೆ ನೀರು ಕುಡಸಬೇಕು, ದಿನ ತುಂಬೂತನಕ ಎಬ್ಬಸಬಾರದು. ಮಗಳಿಗೆ ಹಿಂಗ ಅವಸರ ಮಾಡ್ತಿಯೇನು?"

ಇಮಾಮಬಿಯ ಕೈ ಬಂಬಿನಿಂದ ತಾನಾಗಿ ಇಳಿಯಿತು. ಬಾಣಂತನ ಎಂದ ಮೇಲೆ ಅವಳಿಗೆ ಮತ್ತೇನೂ ಹೇಳಬೇಕಾಗಿರಲಿಲ್ಲ.

ನೀರಿನ ಕೆಲಸವನ್ನು ಕಸ್ತೂರಿಬಾಯಿ ಕೈಗೆತ್ತಿಕೊಂಡಳು. ಓಣಿಯಲ್ಲಿ ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಸೊಪ್ಪು ತೊಳೆದ ನೀರು ಯಾರೂ ಚೆಲ್ಲುವ ಹಾಗಿಲ್ಲ. ಗಟಾರಕ್ಕೆ ಒಂದು ಚೊಂಬು ಬಿದ್ದ ಸಪ್ಪಳವಾದರೆ ಅವಳು ಅಲ್ಲಿ ಹಾಜರು: "ಕೋಣ್ ರೇ? ಸ್ಲ್ಯಾಬ್ ನಿನ್ನ ಅಪ್ಪನ ಹೆಸರು ಹೇಳಿ ಅಳ್ತದ, ಕೇಳಸ್ತದೇನು?" ಮಸೀದಿಯಲ್ಲಿ ನಮಾಜಿಗೆ ಮುನ್ನ ಕೈಕಾಲು ತೊಳೆದ ನೀರು ಮೋರಿಗೆ ಹರಿಯುವ ಬದಲು ಶರೀಫನ ಬಕೆಟ್ಟಿಗೆ ಹರಿಯಿತು. ಆ ಸ್ಲ್ಯಾಬ್ ಕುಡಿದ ನೀರಿನಲ್ಲಿ ಗುಡ್ಡದ ಎಲ್ಲರ ಅಡುಗೆಯೂ ಇತ್ತು, ಪ್ರಾರ್ಥನೆಯೂ ಇತ್ತು. ಕೆರೆ ಎಷ್ಟು ತುಂಬಿತೆಂದರೆ ಎರಡು ಬಕಪಕ್ಷಿಗಳು ಬಂದು ಮೀನಿಗಾಗಿ ಕಾದು ಬೇಸತ್ತು ಹೋದವು.

ದಿನ ತುಂಬಿತು. ಮೇಲಿನ ಕೆರೆ ಬತ್ತಿಸಿ, ಅಂಗಾರ ಹೋಟೆಲಿನಿಂದ ತಂದ ಒಡೆದ ಕಪ್ಪು-ಬಸಿಗಳ ಬಿಳಿ ಚೂರುಗಳನ್ನು ಸಿಮೆಂಟಿನಲ್ಲಿ ಒತ್ತೊತ್ತಾಗಿ ಕೂರಿಸಿದರು. ಬಿಸಿಲು ಬಂದು ಮುಖ ನೋಡಿಕೊಂಡು ವಾಪಸು ಹೋಗಲಿ ಎಂದು. ಬಂಬು ತೆಗೆಯುವ ದಿನ ಓಣಿ ಉಸಿರು ಬಿಗಿಹಿಡಿದಿತ್ತು. ಕೊನೆಯ ಬಂಬು ಇಳಿಯಿತು. ಸ್ಲ್ಯಾಬ್ ನಿಂತಿತು. ಅಂಗಾರ ಒಳಗೆ ಹೋಗಿ ತಲೆಯೆತ್ತಿ ನೋಡಿ, ಟವೆಲಿನಿಂದ ಮುಖ ಒರೆಸಿಕೊಂಡ. "ಧೂಳು ಮಾರಾಯ್ರೆ, ಧೂಳು," ಎಂದ.

ಬೀಗತಿ ಬಂದಳು. ಮೇ ತಿಂಗಳು, ನಡುಮಧ್ಯಾಹ್ನ. ಸಯನ್ನಿನಿಂದ ದಾದರಿನಲ್ಲಿ ಗಾಡಿ ಬದಲಿಸಿ, ಗುಡ್ಡ ಹತ್ತಿ, ಕಾಲು ಭಾಗ ಕರಗಿಯೇ ಬಂದಳು. ಆದರೆ ಮುಖದಲ್ಲಿ ಹಟ. ಮುಂಜಾನೆ ಬೇಕೆಂದೇ ತಡವಾಗಿ ಎದ್ದಿದ್ದಳು, ನಿದ್ದೆ ಮುಗಿಸಿಯೇ ಬಂದಿದ್ದಳು. ಬಂದವಳೇ ಚಹಾ ಕೇಳಿದಳು. ಕುಡಿದು ಇನ್ನೊಂದು ಕೇಳಿದಳು.

"ಇನ್ನ ಅಡ್ಡಾಗ್ರಿ ಸಮಧನ್," ಎಂದು ಇಮಾಮಬಿ ಚಾಪೆಯ ಮೇಲೆ ಕೌದಿ ಹಾಸಿದಳು. ಇಷ್ಟೆಲ್ಲ ಮಾಡಿದ್ದು ಒಬ್ಬ ಹೆಂಗಸಿನ ಎರಡು ರೆಪ್ಪೆಗಳಿಗಾಗಿ. ಅವು ಮುಚ್ಚದಿದ್ದರೆ ಅವಳು ಕೈ ಹಾಕಿ ಮುಚ್ಚುವಂತಿಲ್ಲ.

"ನನಗೇನ ನಿದ್ದಿ ಬರೂದಿಲ್ಲ ನೋಡ್ರಿ," ಎಂದು ಬೀಗತಿ ಅಂಗಾತ ಮಲಗಿದಳು. ಕಣ್ಣು ಲಾಟೀನಿನ ಹಾಗೆ ಅಗಲಿಸಿದಳು. "ಮ್ಯಾಲ ಇವೇನು?"

"ಆನಿ."

"ಎಷ್ಟ ಅದಾವ?"

"ನಾ ಎಣಿಸಿಲ್ಲ. ನೀವ ಎಣಸ್ರಿ."

ಬೀಗತಿ ಎಣಿಸತೊಡಗಿದಳು. ಹೊರಗೆ ಬಿಸಿಲು ಬಿಳಿ ಚೂರುಗಳ ಮೇಲೆ ಬಿದ್ದು, ಕಣ್ಣು ಕುಕ್ಕಿಸಿಕೊಂಡು ಹಿಂದಿರುಗುತ್ತಿತ್ತು. ಒಳಗೆ ಹರವಿಯ ತಂಪು. ಮೊದಲ ಸಾಲಿನ ಆನೆಗಳು ಜೋರಾಗಿ ನಡೆದವು. ಎರಡನೇ ಸಾಲಿನವು ಮೆಲ್ಲಗೆ. ಮೂರನೇ ಸಾಲಿನಲ್ಲಿ ಒಂದು ಆನೆ ಅರ್ಧ ಹೆಜ್ಜೆಯಲ್ಲಿ ನಿಂತಿತು. ಆಮೇಲೆ ಕೇಳಿದ್ದು ಎಣಿಕೆಯಲ್ಲ, ಗೊರಕೆ. ಮೊದಲು ಬೆಕ್ಕಿನದು, ಆಮೇಲೆ ಲೋಕಲ್ಲಿನದು, ಕೊನೆಗೆ ಕಾಂಕ್ರೀಟ್ ಮಿಕ್ಸರಿನದು. ಇಮಾಮಬಿ ಗೋಡೆಗೊರಗಿ ಕುಳಿತು ಸೆರಗನ್ನು ಬಾಯಿಗೊತ್ತಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೂ ಗೊತ್ತಿರಲಿಲ್ಲ.

ಬೀಗತಿ ಎದ್ದದ್ದು ಬಿಸಿಲಿಳಿದ ಮೇಲೆ. "ಮಲಗಿಲ್ಲ ನಾ," ಎಂದಳು ಮೊದಲ ಮಾತಿಗೆ. "ಕಣ್ಣ ಮುಚ್ಚಿ ದುಆ ಮಾಡಾಕ್ಹತ್ತಿದ್ದೆ."

ಮೇಲಿನಿಂದ, ಹಪ್ಪಳ ತಿರುವುತ್ತಿದ್ದ ಕಸ್ತೂರಿಬಾಯಿಯ ದನಿ ಬಂತು: "ಹೌದವಾ! ನಿನ್ನ ದುಆದ ಗಾಳಿಗೆ ನನ್ನ ಹಪ್ಪಳ ಹಾರಿ ಅಂಧೇರಿಗೆ ಹೋದ್ವು!"

ಬೀಗತಿ ಮತ್ತೆ ತಲೆಯೆತ್ತಿ ಆನೆಗಳನ್ನು ನೋಡಿದಳು. "ನಮ್ಮಮ್ಮನ ಮಾಳಿಗ್ಯಾಗ ಹಿಂಗ ನಿದ್ದಿ ಹತ್ತತಿತ್ತು," ಎಂದಳು, ಯಾರಿಗೂ ಅಲ್ಲದ ಹಾಗೆ. ಆಮೇಲೆ ಎದ್ದು ಬುರ್ಖಾ ಸರಿಮಾಡಿಕೊಂಡಳು. "ಶುಕ್ರವಾರ ಕರ್ಕೊಂಡು ಬರ್ತೀನಿ. ಮಾತು ಅಂದ್ರ ಮಾತು."

ಶುಕ್ರವಾರ ಟ್ಯಾಕ್ಸಿ ಗುಡ್ಡದ ಕೆಳಗೆ ನಿಂತಿತು. ಬೀಗತಿ ಸೊಸೆಯ ಕೈ ಹಿಡಿದು, ಮೆಟ್ಟಿಲು ಮೆಟ್ಟಿಲಿಗೂ ನಿಲ್ಲಿಸಿ, ಹತ್ತಿಸಿಕೊಂಡು ಬಂದಳು. ಹಿಂದೆ ಮುಶರಫ ಯಾಸ್ಮೀನಳ ಪೆಟ್ಟಿಗೆ ಹೊತ್ತಿದ್ದ. ಅದರ ಮೇಲೆ ಒಂದು ಹಾಸಿಗೆಯ ಸುರುಳಿ.

"ಹಾಸಿಗಿ ಯಾಕ ತಂದ್ರಿ? ನಮ್ಮಲ್ಲಿ ಇಲ್ಲೇನು?" ಎಂದಳು ಇಮಾಮಬಿ.

"ಅದು ಯಾಸ್ಮೀನಂದಲ್ಲ," ಎಂದಳು ಬೀಗತಿ, ಮುಖ ಆ ಕಡೆ ತಿರುಗಿಸಿ. "ನಡುನಡುವ ನಾನೂ ಬರ್ತೀನಿ. ಎಣಿಕಿ ಅರ್ಧಾ ಉಳದೈತಿ."

ಜೂನ್ ಬಂದಾಗ ಖೋಲಿಯಲ್ಲಿ ಹದಿನೈದು ದಿನದ ಹೆಣ್ಣುಕೂಸು ಮಲಗಿತ್ತು. ಅದರ ಪಕ್ಕ ಯಾಸ್ಮೀನ, ಯಾಸ್ಮೀನಳ ಪಕ್ಕ ಅವಳ ತಾಯಿ. ಮೊದಲ ಮಳೆ ಸುರಿಯಿತು, ಪಾಲು ಕೇಳುವ ಮಳೆ. ಕಸ್ತೂರಿಬಾಯಿ ಕೊಡೆ ಹಿಡಿದು ಅಂಗಳದ ನಡುವೆ ನಿಂತು, ಬೈಗುಳ ಸಿದ್ಧಮಾಡಿಕೊಂಡು ಬಹಳ ಹೊತ್ತು ಕಾದಳು. ನೀರು ಪೈಪಿನಲ್ಲಿಳಿದು ಇಮಾಮಬಿಯ ಡ್ರಮ್ಮು ಸೇರುತ್ತಿತ್ತು. ಒಂದು ಹನಿಯೂ ಆ ಕಡೆ ಬೀಳಲಿಲ್ಲ. ಸಿದ್ಧಮಾಡಿದ್ದ ಬೈಗುಳ ಹಾಳಾಗಬಾರದೆಂದು ಅವಳು ಅದನ್ನು ಮೇಕೆಗೆ ಕೊಟ್ಟು, ಕೊಡೆ ಮಡಚಿ, ಕೂಸನ್ನು ನೋಡಲು ಒಳಗೆ ಬಂದಳು.